ಆಲದ ಕಡೆಗೆ ಎರಡನೆಯ ಸಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೃಷ್ಣೆಯಿಂದ ಎದ್ದ ಮಂಜು ದಂಡೆಯ ಕಬ್ಬಿನ ಹೊಲಗಳನ್ನೆಲ್ಲ ನುಂಗಿ ಕೂತಿದೆ. ಉಗಾರ ಖುರ್ದದಿಂದ ತುಸು ದೂರ, ಕಬ್ಬು ಕಡಿಯುವವರ ಗುಡಿಸಲುಗಳ ಮಗ್ಗುಲಿಗೆ ಕಬ್ಬಿನ ಒಣಗರಿ, ಅಂದರೆ ರವದಿ, ಹೊದಿಸಿದ ಒಂದು ಚಪ್ಪರ. ಅದರಡಿ ಇಪ್ಪತ್ತೈದು ಮೂವತ್ತು ಚಿಳ್ಳೆಪಿಳ್ಳೆಗಳು ಮೈಗೆ ಮೈ ಹತ್ತಿಸಿ ಕೂತಿವೆ. ನಡುವೆ ಜಿನಮತಿ, ಕೈಯಲ್ಲೊಂದು ಬದನೆಕಾಯಿ.

"ತೊಟ್ಟು ಮುಟ್ಟಿ ನೋಡ್. ಮುಳ್ಳೈತಿ, ಹೌದಿಲ್ಲೊ? ಈಗ ಅನ್ನು, ಬದನಿಕಾಯಿ."

ಮಕ್ಕಳು ಒಂದೊಂದಾಗಿ ಮುಟ್ಟಿ, ಒಂದೊಂದಾಗಿ ಅನ್ನುತ್ತವೆ. ಆಮೇಲೆ ಅದೇ ಕಾಯಿಗೆ ಮರಾಠಿಯಲ್ಲಿ, ವಾಂಗಿ. ಅಷ್ಟಾದ ಮೇಲೆ ಜಿನಮತಿ ಎದ್ದು, ಮಕ್ಕಳಿಗೆ ಬೆನ್ನು ಮಾಡಿ, ದಂಡೆಯ ಮೇಲಿನ ಆಲದ ಮರದ ಕಡೆಗೆ ಬದನೆಕಾಯಿ ಹಿಡಿದು, ಅದೇ ದನಿಯಲ್ಲಿ ಇನ್ನೊಮ್ಮೆ "ಬದನಿಕಾಯಿ" ಎನ್ನುತ್ತಾರೆ. ಒಂದು ಮಗು ತಿರುಗಿ ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾಯುತ್ತಾರೆ. ಮರದ ಬುಡದಲ್ಲಿ ಯಾರೂ ಕಾಣುವುದಿಲ್ಲ. ಮಾತುಮಾತಿಗೂ ನಗುವ ಮಕ್ಕಳು ಈ ಹೊತ್ತಿನಲ್ಲಿ ಮಾತ್ರ ಪಿಟ್ಟೆನ್ನುವುದಿಲ್ಲ.

ಜಿನಮತಿಯವರ ತವರು ನಿಪ್ಪಾಣಿ ಕಡೆಯ ಬೋರಗಾಂವ. ಏಳನೆಯ ಇಯತ್ತೆ ಮುಗಿಯುತ್ತಲೇ ಮದುವೆಯಾಗಿ ಇತ್ತ ಬಂದವರು. ಗಂಡ ತಾತ್ಯಾಸಾಹೇಬರಿಗೆ ಹೊಳೆದಂಡೆಯಲ್ಲಿ ಕಬ್ಬಿನ ಹೊಲ. ಎಂಬತ್ನಾಲ್ಕರ ಸುಗ್ಗಿಯಲ್ಲಿ ಕಬ್ಬು ಕಡಿಯಲು ಬೀಡ ಜಿಲ್ಲೆಯ ಕಡೆಯಿಂದ ಬಂದ ಜನ ತಮ್ಮ ಕೂಸುಗಳನ್ನು ಬದುವಿನ ಮೇಲೆ ಬಿಟ್ಟು ಕೆಲಸಕ್ಕಿಳಿದಿದ್ದರು. ಬುತ್ತಿ ಕೊಡಲು ಹೋಗಿದ್ದ ಜಿನಮತಿ ಆ ಮಕ್ಕಳನ್ನು ನೋಡಿ ಕಂಗಾಲಾದರು.

"ನಾಕು ವರ್ಷದ ಕೂಸ್ರಿ. ನೀರಿಗೂ 'ಹೇ', ನಾಯಿಗೂ 'ಹೇ', ಬರೇ 'ಇದು' ಅನ್ನೂದು. ಹೊಟ್ಟಿ ನೋಯ್ತೈತಿ ಅನ್ನಾಕ ಸೈತ ಮಾತಿಲ್ಲ. ಅವ್ವ ಅಪ್ಪ ನಸಿಕಿನ್ಯಾಗ ಹೋಗಿ ಹೊತ್ತು ಮುಳುಗಿದ ಮ್ಯಾಲ ಬರ್ತಾರ. ಮಾತ್ ಆಡಾವ್ರು ಯಾರು?" ಎನ್ನುತ್ತಾರೆ ಅವರು.

ಅಂದು ಶುರುವಾದ ಕೆಲಸ ಹತ್ತು ವರ್ಷವಾದರೂ ನಿಂತಿಲ್ಲ. ಊರ ಕೂಲಿಗಳ ಮಕ್ಕಳೂ ಬಂದು ಸೇರಿಕೊಂಡಿವೆ. ಪಾಟಿಯಿಲ್ಲ, ಪುಸ್ತಕವಿಲ್ಲ. ದಿನಕ್ಕೆ ಐದಾರು ವಸ್ತು. ಮುಟ್ಟಿದ ಮೇಲೆಯೇ ಅದರ ಹೆಸರು. ಸುಗ್ಗಿ ಮುಗಿಯುವಷ್ಟರಲ್ಲಿ ಜಿನಮತಿಯವರ ಗಂಟಲು ಕಟ್ಟಿ, ಮನೆಯಲ್ಲಿ ಸನ್ನೆಯೇ ಗತಿ. "ಹೊರಗ ಎಲ್ಲಾ ಮಾತ್ ಖರ್ಚ್ ಮಾಡಿ ಬರ್ತಾಳ್ರಿ," ಎಂದು ತಾತ್ಯಾಸಾಹೇಬರು ಕಾಲೆಳೆಯುತ್ತಾರೆ.

ಮರಾಠಿಯಲ್ಲಿ ಶಿಕ್ಷಕಿಗೆ ಬಾಯಿ ಅನ್ನುತ್ತಾರೆ. ಮಕ್ಕಳೂ ಹಾಗೇ ಕರೆಯುತ್ತವೆ. "ಖರೇನ ಐತ್ರಿ, ನಾ ಬರೇ ಬಾಯಿನ ಅದೀನಿ," ಎಂದು ಜಿನಮತಿ ನಗುತ್ತಾರೆ. ಆಲದ ಮರದ ಮಾತು ತೆಗೆದರೆ ಮಾತ್ರ ಆ ನಗು ಮಾಯ.

ಅದು ತೊಂಬತ್ತೊಂದರ ಚಳಿಗಾಲದ ಸಂಗತಿ. ಗುಡಿಸಲುಗಳಲ್ಲಿ ಮಂಗಲ ಎಂಬ ಹೆಣ್ಣುಮಗಳಿದ್ದಳು. ಅವಳ ಗಂಡ, ಉತ್ತಮ ಎಂಬವನು, ಹೊಳೆಯಲ್ಲಿ ಎತ್ತು ತೊಳೆಯಲು ಹೋಗಿ ಸೆಳವಿಗೆ ಸಿಕ್ಕಿದ್ದ. ಹೆಣ ಸಿಗಲೇ ಇಲ್ಲ. ನಾಲ್ಕು ವರ್ಷದ ಮಗಳು ಕುಸುಮ ಮೊದಲೇ ಮಾತು ಕಮ್ಮಿ, ಅಂದಿನಿಂದ ಪೂರ್ತಿ ಮೂಕಿಯಾದಳು. ಜಿನಮತಿ ಅವಳನ್ನು ದಿನಾ ಮಡಿಲಲ್ಲೇ ಕೂರಿಸಿಕೊಳ್ಳುತ್ತಿದ್ದರು.

ಒಂದು ಮುಂಜಾನೆ ಮಕ್ಕಳಿಗೆ ಮರ ತೋರಿಸಿ "ಆಲ" ಎಂದರು. ಮಡಿಲಲ್ಲಿದ್ದ ಕುಸುಮ ಮರದ ಬುಡಕ್ಕೆ ಬೆರಳು ಮಾಡಿ, ಸ್ಪಷ್ಟವಾಗಿ ಅಂದಳು: "ಆಲಾ."

ಜಿನಮತಿಗೆ ಹಿಗ್ಗೋ ಹಿಗ್ಗು. ಕೂಸನ್ನು ಎತ್ತಿಕೊಂಡು ಹೊಲಕ್ಕೇ ಓಡಿದರು. ಗಂಡ ಹೋದ ಮೇಲೆ ಮಗಳಾಡಿದ ಮೊದಲ ಮಾತು ಕೇಳಿದ ಮಂಗಲಳ ಕೈಯಿಂದ ಕಬ್ಬು ಕಡಿಯುವ ಕೊಯ್ತಾ ಜಾರಿ ಬಿತ್ತು. ಮರಾಠಿಯಲ್ಲಿ ಆಲಾ ಅಂದರೆ, ಬಂದ.

"ಮರಾಠಿ ನನಗೇನ್ ಬರೂದಿಲ್ಲನ್ರಿ? ಗಡಿಯಾಗ ಹುಟ್ಟಿ ಬೆಳದಾಕಿ. ಆದ್ರ ಅವತ್ತ ಹೊಳೀಲಿಲ್ಲ. ಕನ್ನಡದ ಗುಂಗಿನ್ಯಾಗ ಇದ್ನಿ."

ಮರುದಿನ ನಸುಕಿಗೆ ಮಂಗಲ ಚಪ್ಪರಕ್ಕೇ ಬಂದಳು. ಕೂಸು ಮತ್ತೆ ಅದೇ ಕಡೆ ಬೆರಳು ಮಾಡಿತು. "ಕೋಣ ಆಲಾ?" ಎಂದು ಮಂಗಲ ಕೇಳಿದಳು. ಯಾರು ಬಂದರು ಅಂತ. ಊರ ಮಕ್ಕಳಿಗೆ ಕೇಳಿಸಿದ್ದು ಬರೀ ಕೋಣ. "ಎಲ್ಲೈತ್ರಿ ಬಾಯಿ ಕೋಣ?" ಎನ್ನುತ್ತ ಎಲ್ಲವೂ ಮಂಜಿನೊಳಗೆ ಕಣ್ಣು ನೆಟ್ಟವು. ಕೋಣ ಯಾರ ವಾಹನವೆಂದು ನೆನೆದು ಜಿನಮತಿ ಮಡಿಲಲ್ಲಿದ್ದ ಕುಸುಮಳನ್ನು ಬಿಗಿಯಾಗಿ ಹಿಡಿದುಕೊಂಡರು.

ಉತ್ತರಿಸಲು ಕುಸುಮಳ ಬಳಿ ಇದ್ದದ್ದು ಆ ಒಂದೇ ಮಾತು.

ಗಂಡ ಮಗಳನ್ನು ಕರೆದೊಯ್ಯಲು ಬಂದಿದ್ದಾನೆಂದು ಮಂಗಲಳ ಭಯ. ಇನ್ನು ಇವಳಿಗೆ ಒಂದೂ ಮಾತು ಕಲಿಸಬೇಡಿ, ಏನು ಹೇಳಿಬಿಡುತ್ತಾಳೋ ಎಂದು ಕಾಲು ಹಿಡಿದಳು. ಜಿನಮತಿ ರಾತ್ರಿಯೆಲ್ಲ ಹೊರಳಾಡಿದರು. ಕಲಿಸಿದರೆ ಆ ಮಗುವಿನ ಬಾಯಿಂದ ಏನು ಕೇಳಬೇಕಾದೀತೋ. ಕಲಿಸದಿದ್ದರೆ ತಾನು ಕಂಡದ್ದನ್ನು ಅದು ಒಂಟಿಯಾಗಿ ಹೊತ್ತುಕೊಂಡಿರಬೇಕು.

"ಕೂಸಿನ್ನ ಹಂಗ ಬಿಡಾಕ ಮನಸ್ಸಾಗಲಿಲ್ರಿ. ಅರ್ಧಾ ಮಾತಿಗೆ ಇರೂ ಹೆದರಿಕಿ ಪೂರಾ ಮಾತಿಗೆ ಇರಂಗಿಲ್ಲ ಅಂತ ಮಂಗಲಗ ಹೇಳಿದ್ನಿ. ಕಲಸಾಕತ್ನಿ."

ಕಲಿಸಿದ ಮಾತುಗಳೂ ಅವಳು ಕಂಡದ್ದನ್ನು ಹೇಳಲು ಬೇಕಾಗುವಂಥವೇ. ನಿಲ್ಲು, ಕೂಡು, ಕರಿ, ಕೈ, ಬಾಯಿ, ತಣ್ಣಗೆ. ಒದ್ದೆ ಬಟ್ಟೆ ಮುಟ್ಟಿಸಿ, ತೋಯ್ದೈತಿ. ಕುಸುಮ ಒಂದೊಂದನ್ನೂ ಬಾಯೊಳಗೇ ಹೊರಳಿಸಿ ಇಟ್ಟುಕೊಂಡಳು. ಬೆರಳು ಮಾತ್ರ ಪ್ರತಿ ನಸುಕಿಗೂ ಆಲದ ಕಡೆಗೇ ಏಳುತ್ತಿತ್ತು.

ಸುಗ್ಗಿ ಮುಗಿಯುವ ಹೊತ್ತಿಗೆ, ಮಂಗಲಳನ್ನು ಪಕ್ಕಕ್ಕೆ ಕೂರಿಸಿಕೊಂಡು ಜಿನಮತಿ ಕೇಳಿಯೇಬಿಟ್ಟರು. "ಯಾರು ಬಂದಾರವ್ವಾ?"

"ಅಪ್ಪಾ ಬಂದಾನ. ತೋಯ್ದೈತಿ. ನಿಂತಾನ."

ಮಂಗಲ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಜಿನಮತಿ ತಡೆತಡೆದು ಕೇಳಿದರು. "ನಿನ್ನ ಕರೀತಾನೇನು?"

"ಇಲ್ಲ," ಎಂದಿತು ಕೂಸು. "ಅಂವಗ ಬಾಯಿ ಇಲ್ಲ."

ಮಂಗಲ ಮಗಳನ್ನು ಬಾಚಿ ತಬ್ಬಿಕೊಂಡು, ಗಂಡ ಹೋದಾಗಲೂ ಅಳದಷ್ಟು ಅತ್ತಳು. ಕರೆಯಲಿಲ್ಲವಲ್ಲ, ಅಷ್ಟೇ ಸಾಕಾಗಿತ್ತು ಆಕೆಗೆ. ಕುಸುಮ ಆಮೇಲೆಂದೂ ಮರದ ಕಡೆ ಬೆರಳು ಮಾಡಲಿಲ್ಲ. ಈಗ ಅಜ್ಜಿಯ ಊರಿನಲ್ಲಿ ಶಾಲೆಗೆ ಹೋಗುತ್ತಾಳೆ, ಬಾಯಿ ಮುಚ್ಚಿಸುವುದೇ ಕಷ್ಟವಂತೆ. ಮಂಗಲ ಮಾತ್ರ ಪ್ರತಿ ಸುಗ್ಗಿಗೂ ಇಲ್ಲಿಗೇ ಬರುತ್ತಾಳೆ.

ಆ ದಿನದಿಂದ ಜಿನಮತಿ ಪ್ರತಿ ಮಾತನ್ನೂ ಎರಡನೆಯ ಸಲ ಹೇಳತೊಡಗಿದರು. ಊರಿನವರು ತಲೆ ಕೆಟ್ಟಿದೆ ಎಂದರು. ಅತ್ತೆ ಮನೆಯಲ್ಲಿ ಹೆಸರೆತ್ತಿ ಬೈದರು. ಜಿನಮತಿ ಜಗ್ಗಲಿಲ್ಲ.

"ಮಾರಿ ಮ್ಯಾಲ ಬಾಯಿ ಇಲ್ಲ ಅಂದ್ಲೊ, ಕಲಸಾಕ ಬಾಯಿ ಇಲ್ಲ ಅಂದ್ಲೊ, ನನಗ ಗೊತ್ತಿಲ್ರಿ. ಮೊದಲಿಂದು ನನ್ನ ಕೈಯಾಗಿಲ್ಲ. ಎರಡನೇದು ನನ್ನ ಕೆಲಸ. ಸಾಲಿ ಕಲ್ಯಾಕ ಬಂದು ನಿಂತಾವನ್ನ ಹೋಗಂತ ಹೆಂಗ ಅನ್ಲಿ?"

ಬಿಸಿಲೇರಿ ಮಂಜು ತೆಳುವಾಗುತ್ತಿದೆ. ಇಂದಿನ ಕೊನೆಯ ವಸ್ತು ಒಂದು ಬೊಗಸೆ ಹೊಳೆ ನೀರು. ಮಕ್ಕಳೆಲ್ಲ ಬೆರಳದ್ದಿ "ನೀರು" ಎಂದಿವೆ. ಜಿನಮತಿ ಆಲದ ಕಡೆಗೆ ತಿರುಗಿ ಬೊಗಸೆ ಚಾಚಿ "ನೀರು" ಎನ್ನುತ್ತಾರೆ. ಬೆರಳ ಸಂದಿಯಿಂದ ಅದು ಪೂರ್ತಿ ಸೋರಿಹೋಗುವವರೆಗೂ ಕಾಯುತ್ತಾರೆ.

ಕೈ ಒರೆಸಿಕೊಂಡು ಮೆಲ್ಲಗೆ ಹೇಳುತ್ತಾರೆ. "ಅಂವ ಒಮ್ಮಿ ತಿರುಗಿ ಅಂದ್ರ ಸಾಕ್ರಿ. ನಾ ಕಲಿಸಿದ್ದು ಅಂವಗೂ ಬಂತು ಅನ್ಕೊಂತೀನಿ."