ಸಂಡಿಗೆಯ ಮೇಲಿನ ಎಳ್ಳು

ಗಂಗಾವತಿಯಲ್ಲಿ ನಮ್ಮ ಮನೆಯ ಹಿಂದೊಂದು ರೈಸ್ ಮಿಲ್ ಇತ್ತು. ಅದರ ಸಾವುಕಾರರು ಅಂಗಳದಲ್ಲಿ ಬಿದ್ದ ಒಂದೊಂದು ಭತ್ತದ ಕಾಳನ್ನೂ ಬಗ್ಗಿ ಆರಿಸಿ ಬಿಳಿ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಬಂದವರಿಗೆಲ್ಲ ಒಂದೇ ಮಾತು: "ನಮ್ಮಲ್ಲಿ ಏನೂ ವೇಸ್ಟ್ ಆಗಂಗಿಲ್ರಿ. ಭತ್ತದ ಹೊಟ್ಟಿನಾಗ ಬಾಯ್ಲರ್ ನಡಸ್ತೀವಿ, ಕಲ್ಲಿದ್ದಲು ಮುಟ್ಟಂಗಿಲ್ಲ. ಪರಿಸರ ಅಂದ್ರ ನಮ್ಮ ಮಿಲ್ ನೋಡ್ರಿ."

ಆ ಹೊಟ್ಟಿನ ಬೂದಿ ಮಾತ್ರ ಚಿಮಣಿಯಿಂದ ಹಾರಿ ಓಣಿಯ ತುಂಬ ಬೀಳುತ್ತಿತ್ತು. ಒಣಹಾಕಿದ ಸೀರೆಯನ್ನೂ ಬಿಡುತ್ತಿರಲಿಲ್ಲ, ಮಾಳಿಗೆಯ ಮೇಲಿನ ಹಸಿ ಸಂಡಿಗೆಯನ್ನೂ ಬಿಡುತ್ತಿರಲಿಲ್ಲ. ದೂರು ಒಯ್ದವರಿಗೆ ಸಾವುಕಾರರು ಚಹಾ ಕುಡಿಸಿ, "ನೋಡೋಣ್ರಿ" ಎಂದು ಕಳಿಸುತ್ತಿದ್ದರು.

ಒಂದು ಬೇಸಿಗೆ ಅವ್ವ ದೂರು ಒಯ್ಯಲಿಲ್ಲ. ಬೂದಿ ಅಂಟಿ ಒಣಗಿದ ಸಂಡಿಗೆಯನ್ನೇ ಕರಿದು, ತಾಟಿನ ತುಂಬ ಒಯ್ದು ಅವರ ಮುಂದಿಟ್ಟಳು. ಸಾವುಕಾರರಿಗೆ ಸಂಡಿಗೆ ಎಂದರೆ ಪ್ರಾಣ.

"ಭಾಳ ಛಲೋ ಆಗ್ಯಾವು. ಕರಿ ಎಳ್ಳು ಹಾಕೀರೇನ್ರಿ ಅಕ್ಕಾರ?"

"ನಾವೆಲ್ಲಿ ಹಾಕ್ತೀವ್ರಿ ಸಾವುಕಾರ್ರ, ನಿಮ್ಮ ಚಿಮಣಿ ಹಾಕೈತಿ."

ಅಗಿಯುತ್ತಿದ್ದ ದವಡೆ ನಿಂತಿತು. ಉಗುಳಲೆಂದು ಎದ್ದರು.

"ಉಗುಳಬ್ಯಾಡ್ರಿ. ನಿಮ್ಮಲ್ಲಿ ಏನೂ ವೇಸ್ಟ್ ಆಗಂಗಿಲ್ಲಲ್ರಿ?"

ಸಾವುಕಾರರು ನುಂಗಿದರು.

ಮಳೆಗಾಲಕ್ಕೆ ಮೊದಲೇ ಚಿಮಣಿಗೆ ಬೂದಿ ಹಿಡಿಯುವ ಯಂತ್ರ ಬಂತು. ಮರುವರ್ಷ ಅವ್ವ ಹಾಲಿನಂಥ ಬಿಳಿ ಸಂಡಿಗೆ ಒಯ್ದಳು. ಸಾವುಕಾರರು ಒಂದನ್ನೆತ್ತಿ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿ, ಬಾಯಿಗಿಟ್ಟು ಗಂಭೀರವಾಗಿ ಹೇಳಿದರು:

"ಹೋದ ವರ್ಷದ ರುಚಿ ಇಲ್ಲ ಬಿಡ್ರಿ ಅಕ್ಕಾರ. ಎಳ್ಳು ಕಡಿಮಿ ಆಗೇತಿ."