ಕಂಪ್ಯೂಟರಿಗೆ ಗೊತ್ತಿರದ ಅವ್ವ

ಅವ್ವ ತೀರಿಕೊಂಡಾಗ, ಚೌಕಟ್ಟಿಗೆ ಹಾಕಿಸಲು ಅವಳದೊಂದು ಒಳ್ಳೆಯ ಫೋಟೊ ನನ್ನ ಬಳಿ ಇರಲಿಲ್ಲ. ಕೃಷ್ಣರಾಜಪೇಟೆಯಲ್ಲಿ ಇಪ್ಪತ್ತು ವರ್ಷದಿಂದ ಸ್ಟುಡಿಯೊ ಇಟ್ಟುಕೊಂಡು ಸುತ್ತಲಿನ ಮದುವೆಗಳ ಫೋಟೊಗಳನ್ನೆಲ್ಲ ತೆಗೆದವನು ನಾನು. ಯಾರ ಮುಂದೆ ಹೇಳಿಕೊಳ್ಳಲಿ? ಮನೆಯವರ ಫೋನುಗಳಲ್ಲಿ ಇದ್ದವೆಲ್ಲ ಅವಳು ‘ನಂದ್ಯಾಕ್ಲಾ, ಬುಡು’ ಎಂದು ಮುಖಕ್ಕೆ ಕೈ ಅಡ್ಡ ಹಿಡಿದವು. ತಿಥಿಗೆ ಮೂರೇ ದಿನ ಉಳಿದಿತ್ತು.

ಸ್ಟುಡಿಯೊದ ಕಂಪ್ಯೂಟರಿನಲ್ಲಿ ಇದ್ದೇ ಇರುತ್ತಾಳೆ ಎಂಬ ಧೈರ್ಯವಿತ್ತು. ಹಿಂದಿನ ವರ್ಷವಷ್ಟೇ ಹಳೆಯ ಫೋಟೊಗಳನ್ನೆಲ್ಲ ಒಂದು ಕಡೆ ಸೇರಿಸುವ ವ್ಯವಸ್ಥೆ ಹಾಕಿಸಿದ್ದೆ. ಪರದೆಯ ಮೇಲ್ಗಡೆ ಉದ್ದನೆಯ ಖಾಲಿ ಜಾಗ. ಅಲ್ಲಿ ಬೇಕಾದ್ದನ್ನು ಬರೆದರೆ ಫೋಟೊ ಬರುತ್ತದೆ. ಅವ್ವನ ಹೆಸರು ಬರೆದೆ. ಒಂದೂ ಇಲ್ಲ. ಸಂತೆಬಾಚಹಳ್ಳಿ ಎಂದು ನಮ್ಮೂರಿನ ಹೆಸರು ಬರೆದೆ. ಸಾವಿರಾರು ಫೋಟೊ ಸುರಿದವು, ನೋಡಿ ಮುಗಿಸುವ ಮಾತೇ ಇರಲಿಲ್ಲ. ಕೊನೆಗೆ ಏನೂ ತೋಚದೆ ‘ಅವ್ವ’ ಎಂದೇ ಬರೆದೆ. ಹುಡುಗನ ಅವ್ವ, ಹುಡುಗಿಯ ಅವ್ವ, ರೇಷ್ಮೆ ಸೀರೆಯುಟ್ಟ ತಾಲ್ಲೂಕಿನ ಅವ್ವಂದಿರೆಲ್ಲ ಬಂದರು, ನನ್ನವಳೊಬ್ಬಳನ್ನು ಬಿಟ್ಟು.

ಸಿಟ್ಟು ನೆತ್ತಿಗೇರಿತು. ವ್ಯವಸ್ಥೆ ಹಾಕಿಕೊಟ್ಟವನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ.

‘ಅದು ಫೋಟೊನ ನೋಡಕಿಲ್ಲ ಕಣಣ್ಣ,’ ಎಂದ ಅವನು. ‘ಒಂದೊಂದು ಫೋಟೊಗೂ ನೀವು ಏನ್ ಬರ್ದಿದ್ದೀರೋ, ಆ ಮಾತ ನೋಡ್ತದೆ. ಬರ್ದೇ ಇಲ್ಲ ಅಂದ್ರೆ ಅದೆಲ್ಲಿಂದ ತಂದ್ಕೊಟ್ಟಾದು?’

ನನಗೆ ತಲೆಬುಡ ಅರ್ಥವಾಗಲಿಲ್ಲ. ಅವ್ವ ನಮ್ಮೂರಿನ ಯಾವ ಮದುವೆಯನ್ನೂ ತಪ್ಪಿಸಿದವಳಲ್ಲ. ಬರೆದವನು ನಾನೇ. ಹೆತ್ತವಳನ್ನೇ ಬಿಟ್ಟಿದ್ದು ಹೇಗೆ?

ಬರೆದವನು ನಾನೇ, ಆದರೆ ಫೋಟೊದಲ್ಲಿ ಯಾರ್ಯಾರೆಂದು ಹೇಳಿದವಳು ನನ್ನ ಸೋದರತ್ತೆ. ಊರಿನ ಮುಖಗಳೆಲ್ಲ ಅವಳಿಗೆ ಗೊತ್ತು. ಪಕ್ಕದಲ್ಲಿ ಕೂತು ಎಲೆಅಡಿಕೆ ಜಗಿಯುತ್ತ ‘ಇವ್ಳು ಬೂಕನಕೆರೆಯೋಳು, ಇವ್ಳು ಪಾಂಡವಪುರದೋಳು’ ಎಂದು ತೋರಿಸುತ್ತಿದ್ದಳು. ನಮ್ಮೂರಿಗೆ ಸೊಸೆಯಾಗಿ ಬಂದವರನ್ನು ಕರೆಯುವುದೇ ತವರೂರಿನಿಂದ. ಹೆಸರೇನಿದ್ದರೂ ರೇಷನ್ ಕಾರ್ಡಿಗೆ. ನಾನೋ ಎರಡು ಬೆರಳಿನಲ್ಲಿ ಅಕ್ಷರ ಹುಡುಕುವವನು. ಕೀಲಿಮಣೆಯಿಂದ ತಲೆಯೆತ್ತದೆ, ಅವಳು ಹೇಳಿದ್ದನ್ನು ಬರೆಯುತ್ತ ಹೋಗಿದ್ದೆ.

ಮನೆಗೆ ಹೋಗಿ ಅತ್ತೆಯನ್ನೇ ಕೇಳಿದೆ.

‘ಅವ್ವ ಒಂದ್ ಫೋಟೊದಲ್ಲೂ ಇರ್ಲಿಲ್ವೇನತ್ತೆ?’

‘ಅಯ್ಯೋ, ಬೇಕಾದಷ್ಟವೆ. ನಾನೇ ಯೋಳ್ತಿದ್ನಲ್ಲಾ, ನಾಗಮಂಗ್ಲದೋಳು ಅಂತ.’

‘ನಿಮ್ಮವ್ವ ಅಂತ ಯೋಳ್ಬಾರ್ದಿತ್ತಾ?’

‘ಎಲ್ರುನೂ ಅಂಗೇ ಅಂತಿದ್ದೆ, ಅವ್ಳುನೂ ಅಂದೆ. ಫೋಟೊ ಕಣ್ಮುಂದೇನೇ ಅದ್ಯಲ್ಲ, ನೀನು ನೋಡ್ತಾ ಇದ್ದೀಯ ಅನ್ಕಂಡೆ ಕಣ್ಲಾ.’

ಅವ್ವನ ಹಾಗೆ ನಾಗಮಂಗಲದಿಂದ ಬಂದ ಸೊಸೆಯರು ಊರಿನಲ್ಲಿ ಇನ್ನೂ ಇಬ್ಬರಿದ್ದಾರೆ. ಬರೆಯುವಾಗ ಅವರೆಂದುಕೊಂಡಿದ್ದೆನೋ, ಏನೂ ಅಂದುಕೊಂಡಿರಲಿಲ್ಲವೋ, ಈಗಲೂ ನೆನಪಾಗುವುದಿಲ್ಲ. ಸ್ಟುಡಿಯೊಗೆ ವಾಪಸು ಬಂದು ‘ನಾಗಮಂಗಲದವಳು’ ಎಂದು ಬರೆದೆ. ಕಣ್ಣು ಮಿಟುಕಿಸುವುದರೊಳಗೆ ಆ ಇಬ್ಬರ ಜೊತೆ ಅವ್ವನೂ ಬಂದಳು. ಊಟದ ಎಲೆ ಹಾಕುತ್ತ, ಹಸೆಮಣೆಯ ಹಿಂದೆ, ಯಾರದೋ ಮಗುವನ್ನು ಎತ್ತಿಕೊಂಡು. ಒಂದೊಂದನ್ನೇ ದೊಡ್ಡದು ಮಾಡಿ ನೋಡುತ್ತ ಹೋದೆ.

ಒಂದರಲ್ಲಿ ಅಡುಗೆ ಚಪ್ಪರದ ಬಾಗಿಲಲ್ಲಿ ನಿಂತಿದ್ದಾಳೆ. ಮುಖಕ್ಕೆ ಕೈ ಅಡ್ಡವಿಲ್ಲ. ಅವಳ ಮುಂದುಗಡೆ ಬೀಗರ ಗುಂಪು ನಗುತ್ತಿದೆ. ಅವರನ್ನೆಲ್ಲ ಕತ್ತರಿಸಿ, ಅವ್ವನನ್ನಷ್ಟೇ ದೊಡ್ಡದು ಮಾಡಿ ಚೌಕಟ್ಟು ಹಾಕಿಸಿದೆ. ತಿಥಿಗೆ ಬಂದವರೆಲ್ಲ ಎಷ್ಟು ಚೆನ್ನಾಗಿ ಬಂದಿದೆ ಎಂದರು. ನನಗೆ ಅದರತ್ತ ನೋಡಲಾಗಲಿಲ್ಲ. ಆ ದಿನ ನನ್ನ ಕೈಯಲ್ಲಿ ಕ್ಯಾಮೆರಾ ಕಂಡು ಅವಳು ಸೆರಗು ಸರಿಮಾಡಿಕೊಂಡು ನಿಂತಿದ್ದಳು. ನಾನು ಬೀಗರ ಫೋಟೊ ತೆಗೆದು ಮುಂದಕ್ಕೆ ಹೋಗಿದ್ದೆ.