ಗೀಟು ಎಳೆದ ಹತ್ತೊಂಬತ್ತು ಹಾಳೆ

ನಮ್ಮಿಬ್ಬರ ನಡುವೆ ಒಂದು ಕರಾರು ಇತ್ತು. ಒಬ್ಬಳು ಬರೆದದ್ದನ್ನು ಇನ್ನೊಬ್ಬಳು ಪೆನ್ಸಿಲ್ ಹಿಡಿದು ಓದಬೇಕು, ಬೇಡವೆನಿಸಿದ ಕಡೆ ಗೀಟು ಎಳೆಯಬೇಕು. ಗೀಟು ಬಿದ್ದದ್ದು ಕಾದಂಬರಿಯಿಂದ ಹೋಗಲೇಬೇಕು, ಯಾಕೆ ಅಂತ ಕೇಳುವ ಹಾಗಿಲ್ಲ. ಇಡೀ ಹಾಳೆಗೆ ಗೀಟು ಬಿದ್ದರೆ ಆ ಹಾಳೆ ಗೀಟು ಎಳೆದವಳ ಹತ್ತಿರವೇ ಉಳಿಯಬೇಕು. ಮನೆಗೆ ಒಯ್ದರೆ ಮೋಹಕ್ಕೆ ಬಿದ್ದು ಮತ್ತೆ ಸೇರಿಸಿಬಿಡುತ್ತೇವೆ ಎಂದು ನಮ್ಮ ಮೇಲೆ ನಮಗೇ ಅನುಮಾನ. ಆಗ ನಮಗೆ ಇಪ್ಪತ್ತೆರಡು ವರ್ಷ. ಇಷ್ಟು ಕಟ್ಟುನಿಟ್ಟಾಗಿ ಯಾರೂ ಕಾದಂಬರಿ ಬರೆದಿರಲಿಕ್ಕಿಲ್ಲ ಎಂಬ ಠೇಂಕಾರ ಇಬ್ಬರಿಗೂ ಇತ್ತು.

ಅವಳು ಗರಗದವಳು. ಅವಳ ತಾಯಿ ಅಲ್ಲಿ ಖಾದಿ ಮಗ್ಗದ ಮೇಲೆ ಕೂತು ಬಟ್ಟೆ ನೇಯುತ್ತಿದ್ದರು. ನಾನು ಹುಬ್ಬಳ್ಳಿಯವಳು, ಗಬ್ಬೂರ ಬೈಪಾಸಿನ ಹತ್ತಿರ ನಮ್ಮ ಅಬ್ಬಾನ ಲಾರಿ ರಿಪೇರಿಯ ಗ್ಯಾರೇಜು. ಧಾರವಾಡದಲ್ಲಿ ಕನ್ನಡ ಎಂ.ಎ. ಓದುವಾಗ ಒಂದೇ ಬೆಂಚಿನಲ್ಲಿ ಕೂತೆವು. ಇಬ್ಬರೂ ಗುಟ್ಟಾಗಿ ಕಾದಂಬರಿ ಬರೆಯುತ್ತಿದ್ದೇವೆ ಎಂದು ಗೊತ್ತಾದ ದಿನ ತರಗತಿ ತಪ್ಪಿಸಿ ಗ್ರಂಥಾಲಯದ ಹಿಂದಿನ ಕಲ್ಲಿನ ಮೇಲೆ ಸಂಜೆಯವರೆಗೆ ಮಾತಾಡಿದೆವು. ಅಂಥ ಗೆಳತಿ ನನಗೆ ಮೊದಲು ಇರಲಿಲ್ಲ, ಆಮೇಲೂ ಸಿಗಲಿಲ್ಲ.

ಅವಳ ಪೆನ್ಸಿಲ್ಲಿಗೆ ಕರುಣೆಯಿರಲಿಲ್ಲ. ಅಬ್ಬಾನ ಗ್ಯಾರೇಜಿನ ಬಗ್ಗೆ ನಾನು ಕಣ್ಣೀರು ಹಾಕಿಕೊಂಡು ಬರೆದ ಆರು ಹಾಳೆಗಳನ್ನು ಒಂದೇ ಗೀಟಿಗೆ ಕೊಂದುಹಾಕಿದಳು. ನಾನು ಒಂದು ವಾರ ಮಾತು ಬಿಟ್ಟೆ. ಸಿಟ್ಟು ಇಳಿದ ಮೇಲೆ ಓದಿದರೆ, ಆ ಆರು ಹಾಳೆ ಇಲ್ಲದೆ ಕಥೆ ಉಸಿರಾಡುತ್ತಿತ್ತು. ಅವಳು ಹೇಳಿದ್ದು ಸರಿ ಎಂದು ಒಪ್ಪಿಕೊಳ್ಳಲು ನನಗೆ ಇನ್ನೊಂದು ವಾರ ಬೇಕಾಯಿತು.

ಎರಡನೆಯ ವರ್ಷ ಮುಗಿಯುವ ಹೊತ್ತಿಗೆ ಧಾರವಾಡದ ಒಬ್ಬ ಪ್ರಕಾಶಕರು ಹೊಸಬರ ಕಾದಂಬರಿಗಳನ್ನು ಕರೆದರು. ಬಂದವುಗಳಲ್ಲಿ ಒಂದನ್ನು ಮಾತ್ರ ಅಚ್ಚು ಹಾಕುವುದಾಗಿ ಹೇಳಿದ್ದರು. ಇಬ್ಬರೂ ಕಳಿಸುವುದೆಂದಾಯಿತು. ಯಾರದು ಬಂದರೂ ಇಬ್ಬರದೂ ಬಂದ ಹಾಗೆ ಎಂದು ಅವಳು ಅಂದಳು, ನಾನೂ ಹೂಂಗುಟ್ಟಿದೆ. ಅವಳು ಮನಸ್ಸಿನಿಂದ ಅಂದಿದ್ದಳು.

ಕಳಿಸುವ ಮುಂಚಿನ ಶನಿವಾರ ಅವಳು ಕೊನೆಯ ಕಂತು ಕೊಟ್ಟಳು. ಕೈಬರಹದ ಹಾಳೆಗಳು, ಎಲ್ಲ ತೀರ್ಮಾನವಾದ ಮೇಲೆಯೇ ಅವಳು ಟೈಪಿಂಗಿಗೆ ಕೊಡುತ್ತಿದ್ದುದು. ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಓದತೊಡಗಿದೆ. ಅದರಲ್ಲಿ ಹತ್ತೊಂಬತ್ತು ಹಾಳೆಯ ಒಂದು ಅಧ್ಯಾಯ ಇತ್ತು. ತಾಯಿಯೊಬ್ಬಳು ಬೆಳಿಗ್ಗೆ ಮಗ್ಗಕ್ಕೆ ಕೂಡುತ್ತಾಳೆ, ಸಂಜೆ ಏಳುತ್ತಾಳೆ, ಅಷ್ಟೇ. ನಡುವೆ ಎಳೆ ಹರಿಯುತ್ತದೆ, ಅವಳು ಗಂಟು ಹಾಕುತ್ತಾಳೆ, ಲಾಳಿ ಮತ್ತೆ ಓಡುತ್ತದೆ. ಅವಳ ಮೊಣಕಾಲಿನ ನೋವು ಎಲ್ಲೂ ಬರುವುದಿಲ್ಲ, ಆದರೆ ಓದುತ್ತ ನನ್ನ ಮೊಣಕಾಲು ನೋಯತೊಡಗಿತು. ತಲೆ ಎತ್ತಿದಾಗ ನಾನು ಇಳಿಯಬೇಕಾದ ಹೊಸೂರು ದಾಟಿ ಹೋಗಿತ್ತು.

ಆ ತಾಯಿಯನ್ನು ನಾನು ಬಲ್ಲೆ. ಒಮ್ಮೆ ಅವರ ಮನೆಗೆ ಹೋದಾಗ ನನ್ನ ತಾಟಿಗೆ ಬಿಸಿ ರೊಟ್ಟಿ ಹಾಕುತ್ತ, ಮಗಳು ತನ್ನ ಬಗ್ಗೆ ಬರೆಯುತ್ತಿದ್ದಾಳಂತೆ ಹೌದೇ ಎಂದು ಮೆಲ್ಲಗೆ ಕೇಳಿದ್ದರು. ಹೌದೆಂದೆ. ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಿದ್ದರು.

ಮನೆಗೆ ಬಂದು ಪೆನ್ಸಿಲ್ ಹಿಡಿದೆ. ಈ ಅಧ್ಯಾಯ ಇದ್ದರೆ ನನ್ನ ಕಾದಂಬರಿಯನ್ನು ಯಾರೂ ಮೂಸಿಯೂ ನೋಡುವುದಿಲ್ಲ ಎಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಕಥೆ ಇಲ್ಲಿ ನಿಂತುಬಿಡುತ್ತದೆ, ಓದುವವರಿಗೆ ಬೇಸರ ಬರುತ್ತದೆ ಎಂದೆಲ್ಲ ನನಗೆ ನಾನೇ ಪಾಠ ಹೇಳಿಕೊಂಡೆ. ಆಮೇಲೆ ಮೇಲಿನ ಮೂಲೆಯಿಂದ ಕೆಳಗಿನ ಮೂಲೆಗೆ, ಹತ್ತೊಂಬತ್ತು ಹಾಳೆಗೂ ಗೀಟು ಎಳೆದೆ. ಹಿಂಬದಿಗೂ ಮೂಡುವಷ್ಟು ಒತ್ತಿ ಎಳೆದೆ.

ಸೋಮವಾರ ಅವಳು ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿದಳು. ಏನೋ ಕೇಳಲು ಬಾಯಿ ತೆರೆದು ಮುಚ್ಚಿಕೊಂಡಳು. ಕೇಳುವ ಹಾಗಿರಲಿಲ್ಲವಲ್ಲ. ಹತ್ತೊಂಬತ್ತನ್ನೂ ಜೋಡಿಸಿ ನನ್ನ ಕೈಗೆ ಕೊಟ್ಟು, ಚಹಾ ಕುಡಿಯೋಣ ನಡಿ ಎಂದಳು.

ಪ್ರಕಾಶಕರು ನನ್ನದನ್ನು ಆರಿಸಿದರು. ಅವಳಿಗೆ ಬಂದ ಕಾಗದದಲ್ಲಿ, ಭಾಷೆ ಬಹಳ ಚೆನ್ನಾಗಿದೆ, ಆದರೆ ತಾಯಿಯ ಪಾತ್ರ ದೂರದಲ್ಲೇ ಉಳಿದುಬಿಟ್ಟಿದೆ ಎಂದಿತ್ತು. ಅದನ್ನು ಅವಳೇ ನನಗೆ ಓದಿ ತೋರಿಸಿದಳು. ಬಾಯಿಬಿಡಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ನಾನು ಬಿಡಲಿಲ್ಲ. ಪುಸ್ತಕ ಬಿಡುಗಡೆಯ ದಿನ ಅವಳು ಮೂರನೆಯ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದಳು. ತಾಯಿ ನೇಯ್ದ ಒಂದು ತುಂಡು ಖಾದಿಯನ್ನು ನನಗೆ ಉಡುಗೊರೆ ತಂದಿದ್ದಳು.

ಆ ಪುಸ್ತಕದಲ್ಲಿ ಜನ ಮೆಚ್ಚಿದ್ದು ಅದರ ಬಿಗಿಯನ್ನು. ಆ ಬಿಗಿ ಅವಳ ಪೆನ್ಸಿಲ್ಲಿನದು.

ಅವಳು ಹೆಬ್ಬಳ್ಳಿಯ ಒಂದು ಸಾಲಿಯಲ್ಲಿ ಕನ್ನಡ ಕಲಿಸತೊಡಗಿದಳು. ಬರೆಯುವುದು ಏನಾಯಿತು ಎಂದು ಫೋನಿನಲ್ಲಿ ಕೇಳಿದರೆ, ತನಗೆ ಒಳ್ಳೆಯದು ಯಾವುದು ಕೆಟ್ಟದ್ದು ಯಾವುದು ತಿಳಿಯುವುದಿಲ್ಲ, ತಿಳಿಯದವರು ಬರೆಯಬಾರದು ಎಂದು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಇತ್ತ ನನ್ನ ಎರಡನೆಯ ಕಾದಂಬರಿ ಮೂರು ಸಲ ಶುರುವಾಗಿ ಮೂರು ಸಲ ನಿಂತಿತು. ಹತ್ತೊಂಬತ್ತು ಹಾಳೆ ನನ್ನ ಕಪಾಟಿನಲ್ಲಿ, ಆ ಖಾದಿ ತುಂಡಿನಲ್ಲಿ ಸುತ್ತಿಕೊಂಡು ನಾಲ್ಕು ವರ್ಷ ಕೂತಿದ್ದವು.

ಹೋದ ಚಳಿಗಾಲದಲ್ಲಿ ಅವಳ ತಾಯಿ ತೀರಿಕೊಂಡರು. ಮಾತಾಡಿಸಿಕೊಂಡು ಬರಲು ಗರಗಕ್ಕೆ ಹೋದೆ. ಹಾಳೆಗಳು ಚೀಲದಲ್ಲಿದ್ದವು. ಬಂದವರೆಲ್ಲ ಎದ್ದುಹೋದ ಮೇಲೆ ಪಡಸಾಲೆಯಲ್ಲಿ ನಾವಿಬ್ಬರೇ ಉಳಿದೆವು. ಅವ್ವ ಎಳೆಗೆ ಗಂಟು ಹಾಕುವಾಗ ಯಾವ ಬೆರಳು ಮೊದಲು ಬರುತ್ತಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡುತ್ತಿದ್ದೇನೆ, ಆಗುತ್ತಿಲ್ಲ ಎಂದಳು. ಒಮ್ಮೆ ಬರೆದಿದ್ದೆ, ಆ ಹಾಳೆ ಇನ್ನೂ ಉಳಿದಿವೆಯೋ ಇಲ್ಲವೋ ಎಂದು ತನ್ನಷ್ಟಕ್ಕೆ ಅಂದುಕೊಂಡಳು.

ನಾನು ಚೀಲದಿಂದ ತೆಗೆದು ಅವಳ ತೊಡೆಯ ಮೇಲೆ ಇಟ್ಟೆ.

"ಇದು ಕೆಟ್ಟ ಇದ್ದಿಲ್ಲ," ಅಂದೆ. "ನೀ ಬರದಿದ್ದರಾಗ ಎಲ್ಲಾದಕ್ಕಿಂತ ಛಲೋ ಇತ್ತು. ನನಗ ಹೊಟ್ಟಿಕಿಚ್ಚಾತು. ಅದಕ್ಕ ಗೀಟ ಎಳದೆ."

ಅವಳು ಮೊದಲ ಹಾಳೆಯ ಗೀಟಿನ ಮೇಲೆ ಬೆರಳಾಡಿಸಿದಳು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಅವ್ವಗ ಇದನ್ನ ಓದಿ ಹೇಳಿದ್ದೆ," ಅಂದಳು. "ಆಮ್ಯಾಲೆ ತಗದು ಹಾಕಿದೆ ಅಂದಾಗ ಆಕಿ ಕೇಳಿದ್ಲು, ನನ್ನ ಕೆಲಸದಾಗ ಹೇಳೂವಂಥಾದ್ದು ಏನೂ ಇಲ್ಲೇನು ಅಂತ. ನಿನ್ನ ಗೀಟ ನಂಬಿ, ಇಲ್ಲಬೇ ಅಂದೆ."



ಅವಳು ಎದ್ದು ಸಾಲಿಯ ಚೀಲದಿಂದ ರಬ್ಬರ್ ತಂದು ನನ್ನ ಮುಂದೆ ಇಟ್ಟಳು. ನಾನು ಚಾಪೆಯ ಮೇಲೆ ಕೂತು ಒಂದೊಂದೇ ಗೀಟನ್ನು ತಿಕ್ಕಿ ಅಳಿಸಿದೆ. ಪೆನ್ಸಿಲ್ಲಿನ ಕಪ್ಪು ಹೋಯಿತು, ಒತ್ತಿ ಎಳೆದ ಗುರುತು ಹಾಳೆಯಲ್ಲಿ ಹಾಗೇ ಉಳಿಯಿತು. ನಾನು ಅಳಿಸಿ ಕೊಟ್ಟ ಹಾಗೆ ಅವಳು ಓದುತ್ತ ಹೋದಳು. ಒಂದು ಕಡೆ ನಿಲ್ಲಿಸಿ ತನ್ನ ಎಡಗೈಯ ಹೆಬ್ಬೆರಳು, ತೋರುಬೆರಳನ್ನು ಕೂಡಿಸಿ ನೋಡಿಕೊಂಡಳು. ಆಗ ಅವಳಿಗೆ ಅಳು ಬಂತು.

ಬಸ್ಸಿನವರೆಗೆ ಬಂದಳು. ಧಾರವಾಡದ ಬಸ್ಸು ತಿರುಗಿಕೊಂಡು ನಿಂತಾಗ, ನನ್ನ ಮುಖ ನೋಡದೆ ಹೇಳಿದಳು:

"ಇನ್ನ ಮ್ಯಾಲೆ ನಾ ಬರದಿದ್ದು ನಿನಗ ತೋರಸಂಗಿಲ್ಲ."

ಬಸ್ಸು ಊರು ದಾಟುವವರೆಗೆ ನನಗೆ ಆ ಮಾತಿನ ಪೆಟ್ಟು ಮಾತ್ರ ತಿಳಿದಿತ್ತು. ಆಮೇಲೆ ಹೊಳೆಯಿತು, ಅವಳು ಮತ್ತೆ ಬರೆಯುತ್ತಾಳೆ. ಸಂತೋಷಕ್ಕೋ ಏನೋ ಕಣ್ಣು ತುಂಬಿ ಬಂತು. ಅವಳ ಪುಸ್ತಕ ಅಚ್ಚಾಗಿ ಬಂದ ದಿನ ನಾನೂ ಎಲ್ಲರ ಹಾಗೆ ಅದನ್ನು ಅಂಗಡಿಯಲ್ಲಿ ಕೊಂಡು ಓದಬೇಕು.